ಮಣ್ಣಿನ ಗುಬ್ಬಿಗಳ ಮುಂದೆ ಅಪ್ಪ

ಗೆಳೆಯರೇ, ಇವತ್ತು ಖಾನಾಪುರದಿಂದ ಅಪ್ಪನನ್ನು ಬೆಳಗಾವಿಯ ಉದ್ಯಾನಕ್ಕೆ ಕರೆತಂದಿದ್ದೆ. ಅಲ್ಲಿ ಹೊಸದಾಗಿ ನಿಲ್ಲಿಸಿದ ಕಬ್ಬಿಣದ ಮರದ ಮೇಲೆ ಕೂತ ಮಣ್ಣಿನ ಗುಬ್ಬಿಗಳನ್ನು ಶಿಲ್ಪಿ ಮಾಡಿಸಿಕೊಂಡದ್ದು ಕುಂಬಾರನಾದ ನನ್ನ ಅಪ್ಪನ ಕೈಯಲ್ಲಿ. ಕಣ್ಣು ಪೂರ್ತಿ ಹೋಗುವ ಮೊದಲು ಅವನ್ನೊಮ್ಮೆ ನೋಡುವ ಆಸೆ ಅವನಿಗೆ. ಗಡಿಗೆ ಪರೀಕ್ಷಿಸುವ ರೂಢಿಯಂತೆ ಒಂದು ಗುಬ್ಬಿಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ.

“ಬಿರುಕ ಬಿಟ್ಟೈತಿ ತಮ್ಮಾ. ಮಳಿ ಬಂದ್ರ ಉದುರತೈತಿ. ಬ್ಯಾರೆ ಮಾಡಿಕೊಡೂಣು.”

ಕಾವಲುಗಾರ ಓಡಿಬಂದ. “ಏ ಮುದುಕಾ, ಕೈ ತಗಿ! ಸಂತಿ ಗಡಿಗಿ ಅಂತ ತಿಳಿದೀಯೇನು? ದೊಡ್ಡ ಕಲಾವಿದರು ಮಾಡ್ಯಾರ!”

“ತಪ್ಪಾತ್ರಿ ಸಾಹೇಬ್ರ” ಎಂದು ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬಸ್ಸಿನವರೆಗೂ ಹಾಗೆಯೇ ನಡೆದ.

ಮಾಡಿದವನು ಇವನೇ ಎಂದು ನಾನು ಹೇಳಬೇಕಿತ್ತು. ಅವನ ಹಿಂದೆಯೇ ಬಸ್ಸು ಹತ್ತಿಬಿಟ್ಟೆ. ಈಗ ಬರೆಯಲು ಕೂತಾಗ ನೋಡಿ, ಎಂಥ ಶೂರ ನಾನು!