ಎಡಗೈ ಮುಷ್ಟಿ

ಇಳಕಲ್ಲಿನಿಂದ ಬಾಗಲಕೋಟಿ ದವಾಖಾನಿಗೆ ವಾರಕ್ಕೊಮ್ಮೆ ಹೋಗೋದು ನಮಗ ಹೊಸದಲ್ಲ. ಆದ್ರ ಅವತ್ತು ಬಸ್ಸು ಹುನಗುಂದ ದಾಟೋದ್ರಾಗ ನಾ ಕಂಡಕ್ಟರ್ ಕೂಡ ಜಗಳಾ ತಗದಿದ್ದೆ, ಬಾಜೂ ಕುಂತ ಅತ್ತಿ ಕೂಡ ಮಾತು ಬಿಟ್ಟಿದ್ದೆ. ನನ್ನ ಐದು ವರ್ಷದ ಮಗಳ ಎಡಗೈ ಹುಟ್ಟಿದಾಗಿಂದ ಬಿಗಿ, ಮುಷ್ಟಿ ಬಿಚ್ಚಂಗಿಲ್ಲ. ಮಧ್ಯಾಹ್ನ ದೊಡ್ಡ ಡಾಕ್ಟರು ನೋಡವರಿದ್ರು. ತಾನಾಗೇ ಒಂದ ಬೆರಳರ ಬಿಚ್ಚಿದ್ರ ವ್ಯಾಯಾಮ ಮುಂದುವರಸೋಣು, ಇಲ್ಲಾಂದ್ರ ಸೂಜಿ ಮಾಡಿ ಪ್ಲಾಸ್ಟರ್ ಹಾಕೋಣು ಅಂತ ಹೋದ ವಾರ ಹೇಳಿದ್ರು. ಹಿಂದ ಕಾಲಿಗೆ ಹಾಕಿದ ಪ್ಲಾಸ್ಟರ್ ಅಕೀ ಮರ್ತಿದ್ದಿಲ್ಲ. ಆ ಅಳು ನಾನೂ ಮರ್ತಿದ್ದಿಲ್ಲ.

ದವಾಖಾನಿ ಒಳಗ ಕಾಲಿಟ್ಟಮ್ಯಾಲ ಕುಂಡ್ರಾಕ ಪುರಸೊತ್ತು ಎಲ್ಲಿಂದ ಬರಬೇಕು? ಮೊದಲ ನಡಿಯೋ ಖೋಲಿ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಎರಡು ಕಂಬಿ ನಡುವ ಹೋಗು, ಬಾ. ಅಲ್ಲಿ ಬೆವರು ಆರೋದ್ರಾಗ ದೊಡ್ಡ ಚೆಂಡಿನ ಮ್ಯಾಲ ಹೊಟ್ಟಿ ಹಚ್ಚಿ ಮಲಗು. ಅದು ಮುಗೀತಂದ್ರ ಮ್ಯಾಲಿನ ಅಂತಸ್ತಿನಾಗ ಮಾತಿನ ಟೀಚರು. ಲಿಫ್ಟಿನ ಮುಂದ ಜಾತ್ರಿ ಮಂದಿ, ಹಿಂಗಾಗಿ ಕೂಸಿನ್ನ ಬಗಲಾಗ ಎತ್ತಿಕೊಂಡು ನಾ ಮೆಟ್ಟಲಾ ಹತ್ತಾಕಿ. ಹಿಂದ ಅತ್ತಿ ಬುತ್ತಿಚೀಲಾ ಹಿಡಕೊಂಡು, ಸಾವಕಾಶ, ಸಾವಕಾಶ ಅಂತ ಬರವರು. ಸಾವಕಾಶ ಅನ್ನೋ ಮಾತು ಕೇಳಿದ್ರ ನನಗ ಮೈ ಉರೀತಿತ್ತು.

ಕಡೀಕ ಕೈ ವ್ಯಾಯಾಮದ ಖೋಲಿ. ಅಲ್ಲಿಯ ಮೇಡಂ ನನಗಿಂತ ಸಣ್ಣಾಕಿ, ಭಾಳ ಸಮಾಧಾನದಾಕಿ. ಮಣಿ ಪೋಣಸು, ಕಣಕ ಒತ್ತು ಅಂದ್ರ ನನ್ನ ಮಗಳು ಎಲ್ಲಾನೂ ಬಲಗೈಲೆ ಚೊಲೋ ಮಾಡಿದ್ಲು. ಎಡಗೈ ಅಂದ ಕೂಡ್ಲೆ ಮುಷ್ಟಿ ಮೇಡಂ ಮುಂದ ಹಿಡದು ಸುಮ್ನ ಕುಂತುಬಿಟ್ಲು. ಕೈ ಹಿಂದ ತಗೀವಲ್ಲಳು, ಬಿಚ್ಚವಲ್ಲಳು. ಮನ್ಯಾಗ ಈ ಕೈ ಯಾರು ಬಿಚ್ಚತಾರ ಅಂತ ಮೇಡಂ ಕೇಳಿದ್ರು.

ಅತ್ತಿಗೆ ಹುರುಪು ಬಂತು. ತಾವ ಬಿಚ್ಚೋದು ಅಂದ್ರು. ದಿನಾ ಜಳಕಾ ಆದಮ್ಯಾಲ ಮೊಮ್ಮಗಳ ಹಣಿಗೆ ಈಬತ್ತಿ ಹಚ್ಚಿ ಲಿಂಗಪೂಜಿಗೆ ಕುಂಡ್ರಸೋದು. ಇಷ್ಟಲಿಂಗ ಎಡ ಅಂಗೈಯಾಗನ ಇಡಬೇಕಲ್ಲ, ಅದಕ್ಕ ಕೂಸಿನ ಬೆರಳು ಒಂದೊಂದ ಬಿಡಿಸಿ, ಲಿಂಗ ಇಟ್ಟು, ಬೀಳಬಾರದಂತ ಕೆಳಗ ತಮ್ಮ ಕೈ ಕೊಡೋದು. ಒಂದಿನಾನೂ ತಪ್ಪಿಸಿಲ್ಲ ಅಂದ್ರು. ಇವತ್ತು ನಸಿಕಿನ ಬಸ್ಸಿಗೆ ಹೊಂಟಿದ್ದಕ್ಕ ಪೂಜಿ ಆಗಿಲ್ಲ ಅಂತ ತಾವು ಚಾ ಸುದ್ದಾ ಮುಟ್ಟಿಲ್ಲ ಅಂತನೂ ಹೇಳಿದ್ರು.

ಮೇಡಂ ಕೂಸಿನ ಮುಷ್ಟಿ ತಿರುಗಿಸಿ ನೋಡಿದ್ರು. ಆಮ್ಯಾಲ, "ಅಜ್ಜಿ, ಈ ಕೈ ಬಿಚ್ಚೋದು ನಿಮ್ಮ ಕೆಲಸ ಅಂತ ಅಕೀ ತಿಳಕೊಂಡಾಳ್ರಿ" ಅಂದ್ರು.

ನಾ ಅಲ್ಲೇ ಅತ್ತಿ ಮ್ಯಾಲ ಬಾಯಿ ಮಾಡಿದೆ. ನಾವು ಇಲ್ಲಿ ಹೆಣಾ ಬೀಳೂಹಂಗ ದುಡಿಯೋದು, ನೀವು ಮನ್ಯಾಗ ಎಲ್ಲಾ ನೀರಾಗ ಹಾಕೋದು ಅಂದೆ. ಅತ್ತಿ ಬುತ್ತಿಚೀಲಾ ಸರಿ ಮಾಡಕೋತ ಕುಂತ್ರು. ಅದು ನೋಡಿ ನನಗ ಮತ್ತಿಷ್ಟು ಸಿಟ್ಟು ಬಂತು.

ಡಾಕ್ಟರ ಕಡೆ ನಮ್ಮ ಪಾಳಿ ಬರಾಕ ಇನ್ನೂ ಸ್ವಲ್ಪ ವ್ಯಾಳ್ಯಾ ಇತ್ತು. ಇಲ್ಲೇ ಪೂಜಿ ಮಾಡಲೇನ್ರಿ ಅಂತ ಅತ್ತಿ ಮೇಡಂನ ಕೇಳಿದ್ರು. ಮೇಡಂ ಮೂಲ್ಯಾಗ ಚಾಪಿ ಹಾಸಿ ಕೊಟ್ರು. ಅತ್ತಿ ನಳದಾಗ ಕೈಕಾಲು ತೊಳಕೊಂಡು ಬಂದು, ಕೂಸಿನ ಹಣಿಗೆ ಈಬತ್ತಿ ಹಚ್ಚಿ, ಅಕೀ ಕೊರಳಾಗಿನ ಲಿಂಗ ಬಿಚ್ಚಿ ಮುಂದ ಇಟ್ರು. ಆಮ್ಯಾಲ ತಮ್ಮ ಎರಡೂ ಕೈ ತೊಡಿ ಕೆಳಗ ಹಾಕ್ಕೊಂಡು ಕುಂತುಬಿಟ್ರು.

ಮಗಳು ಮುಷ್ಟಿ ಮುಂದ ಹಿಡಿದ್ಲು. ಕಾದ್ಲು. "ಆಯಿ, ಬಿಚ್ಚು" ಅಂತ ಅಜ್ಜಿಗೆ ಅಂದ್ಲು.

"ಇವತ್ತ ನನ್ನ ಕೈ ಬರಂಗಿಲ್ಲವ್ವಾ. ನೀನ ಬಿಚ್ಚು."

ಕೂಸು ಅಜ್ಜಿ ಮಾರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು. ಹೊರಗ ನಮ್ಮ ಪಾಳಿ ಕೂಗಿದ್ರು. ಅಷ್ಟರಾಗ ಮುಷ್ಟಿ ಮತ್ತಿಷ್ಟು ಬಿಗೀತು. ಅಯ್ಯೋ ಶಿವನ, ಒಂದ ಬೆರಳು, ಒಂದ ಸ್ವಲ್ಪ ಎತ್ತಿಕೊಟ್ರ ಉಳಿದದ್ದು ಬರತೈತಿ ಅನಿಸ್ತು. ನನಗ ಗೊತ್ತಿಲ್ಲದಂಗ ಕೈ ಮುಂದ ಹೋಗಿತ್ತು.

"ಕೈ ತಗಿ" ಅಂದ್ರು ಅತ್ತಿ. ನನ್ನ ಕಡೆ ನೋಡಲೂ ಇಲ್ಲ.

ತಗದೆ. ಮತ್ತೊಮ್ಮೆ ಪಾಳಿ ಕೂಗಿದ್ರು. ಯಾರೂ ಏಳಲಿಲ್ಲ. ಕೂಸು ಉಸುರು ಬಿಗಿ ಹಿಡದು, ತನ್ನ ಕೈ ತಾನ ಗುರಾಯಿಸಿ ನೋಡಿದ್ಲು. ಒಳಗ ಸಿಕ್ಕೊಂಡ ಹೆಬ್ಬೆರಳು ಹೊರಗ ಬಂತು. ಅದರ ಬೆನ್ನಿಗೆ ತೋರಬೆರಳು. ಉಳಿದ ಮೂರು ಬರಲಿಲ್ಲ, ಲಿಂಗ ಇಡಾಕ ಜಾಗಾ ಸಾಲಲಿಲ್ಲ. ಯಾಕ ಬರವಲ್ಲರು ಅಂತ ನೋಡಾಕ ಬಂದ ಡಾಕ್ಟರು ಬಾಗಲಾಗ ನಿಂತಿದ್ರು. ಪ್ಲಾಸ್ಟರ್ ಸದ್ಯಕ್ಕ ಬ್ಯಾಡ ಅಂದು ಹಂಗ ಹೊಳ್ಳಿ ಹೋದ್ರು.

ಅತ್ತಿ ತೊಡಿ ಕೆಳಗಿಂದ ಕೈ ತಗದ್ರು. ಎರಡೂ ಜೋಮು ಹಿಡದು, ಬೆರಳು ಮಡಚಿಕೊಂಡ ಕುಂತಿದ್ವು. ಲಿಂಗ ಎತ್ತಾಕ ಹೋದ್ರ ಹಿಡಿತ ಸಿಗವಲ್ದು. ನಾ ಮುಂದ ಸರದು ಕುಂತು, ಅವರ ಬೆರಳು ಒಂದೊಂದ ತಿಕ್ಕಿ ಬಿಡಿಸಿದೆ.