ಬಾಮೈದನ ಹಾರ್ನು

ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವನಿಗೆ ಕೆಲಸಕ್ಕೆ ಬರಲು ಸೈಕಲ್ಲೇ ಗತಿ. ಹೆದ್ದಾರಿಯಲ್ಲಿ ಹಿಂದಿನಿಂದ ಹಾರ್ನು ಕೇಳಿದರೆ ಸಾಕು, ಟಾರು ಬಿಟ್ಟು ಮಣ್ಣಿಗೆ ಇಳಿದುಬಿಡುತ್ತಿದ್ದ. ರಸ್ತೆ ಯಾರಪ್ಪನ ಮನೆಯ ಸ್ವತ್ತೂ ಅಲ್ಲ ಎಂದು ನಾನು ರೇಗಿದರೆ, "ಸತ್ತ ಮೇಲೆ ನ್ಯಾಯ ತಗೊಂಡು ಏನ್ ಮಾಡ್ಲಿ, ಬಿಡಣ್ಣ" ಎನ್ನುತ್ತಿದ್ದ.

ಒಂದು ಹಾರ್ನಿಗೆ ಮಾತ್ರ ಇಳಿಯುತ್ತಿರಲಿಲ್ಲ. ಅವನ ಹೆಂಡತಿಯ ತಮ್ಮ ಓಡಿಸುತ್ತಿದ್ದ ಜಲ್ಲಿ ಲಾರಿ ಶೀತ ಹಿಡಿದ ಎಮ್ಮೆಯ ಹಾಗೆ ಕೂಗುತ್ತಿತ್ತು. ಅದು ಕೇಳಿದರೆ ಇವನು ತಿರುಗಿಯೂ ನೋಡದೆ ರಸ್ತೆಯ ನಡುವಿಗೆ ಬಂದು ಕೈ ಎತ್ತುತ್ತಿದ್ದ. ಬಾಮೈದ ವೇಗ ಇಳಿಸಿ, "ದಾರಿ ಬಿಡಿ ಭಾವ, ಅಕ್ಕ ಬೈತಾಳೆ" ಎಂದು ಕಿಚಾಯಿಸಿ ಮುಂದೆ ಹೋಗುತ್ತಿದ್ದ. ಜೀವನವಿಡೀ ಎಲ್ಲರಿಗೂ ದಾರಿ ಬಿಟ್ಟವನಿಗೆ ಅದೊಂದೇ ದೌಲತ್ತು.

ಮೊನ್ನೆ ಬಾಮೈದ ಹಲ್ಲುನೋವೆಂದು ರಜೆ ಹಾಕಿದ. ಲಾರಿ ಬೇರೆ ಡ್ರೈವರನ ಕೈಗೆ ಹೋಯಿತು. ಹಾರ್ನು ಅದೇ. ಇವನು ಎಂದಿನಂತೆ ನಡುವಿಗೆ ಬಂದು ಕೈ ಎತ್ತಿದ.

ಹೆಣದ ಪಕ್ಕದಲ್ಲಿ ಬಾಮೈದ ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಕೊನೆಗೆ ಅಕ್ಕನೇ ತಲೆ ಎತ್ತಿ ಕೇಳಿದಳು: "ಹಲ್ಲುನೋವು ಕಮ್ಮಿ ಆಯ್ತೇನೋ?"