ಮಜ್ಜಿಗೆಯ ತಳದಲ್ಲಿ ಮರಳು

ಅಜ್ಜ ಮಜ್ಜಿಗೆ ಕುಡಿದಿಟ್ಟ ತಂಬಿಗೆಯ ತಳದಲ್ಲಿ ಒಂದು ಚಿಟಿಕೆ ಕೆಂಪು ಮರಳು ಉಳಿದಿರುತ್ತಿತ್ತು. ಉಪ್ಪಿಗಿಂತ ಸಣ್ಣದು; ಬೆರಳಿಗೆ ಹತ್ತಿಸಿಕೊಂಡು ಬಿಸಿಲಿಗೆ ಹಿಡಿದರೆ ಮಿನುಗುತ್ತಿತ್ತು. ತಂಬಿಗೆ ತೊಳೆಯುವ ಕೆಲಸ ನನ್ನದಾಗಿದ್ದರಿಂದ ಅದನ್ನು ಕಂಡವಳೂ ನಾನೇ. ಬೇಸಿಗೆಯಲ್ಲಿ ಚಿಟಿಕೆಯಷ್ಟಿದ್ದದ್ದು ಶ್ರಾವಣದ ಹೊತ್ತಿಗೆ ತಳ ಮುಚ್ಚುವಷ್ಟಾಯಿತು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷದ ಮಾತಿದು. ಆಗ ನಮಗೆ, ಬಾದಾಮಿ ಕಡೆಯ ಹಳ್ಳಿಯ ಮಕ್ಕಳಿಗೆ, ಗುಡ್ಡವೆಂದರೆ ಮನೆಯ ಹಿತ್ತಲಿದ್ದ ಹಾಗೆ. ಸಾಲಿ ಬಿಟ್ಟ ಮೇಲೆ ಬಂಡೆಯ ಮೇಲೆ ಜಾರುತ್ತಿದ್ದೆವು, ಲಂಗದ ಹಿಂಭಾಗ ಹರಿದುಕೊಂಡು ಬೈಸಿಕೊಳ್ಳುತ್ತಿದ್ದೆವು. ಬಂಡೆಯ ನಡುವೆ ಮೆತ್ತನೆಯ ಒಂದು ಪದರವಿತ್ತು, ಉಗುರಿನಿಂದ ಗೀರಿದರೂ ಉದುರುವಂಥದು. ನಮ್ಮ ಆಟದ ಅಡುಗೆಗೆ ಅದೇ ಖಾರದಪುಡಿ. ಹೆಂಗಸರಿಗೆ ಪಾತ್ರೆ ತಿಕ್ಕುವ ಪುಡಿ. ಗುಡ್ಡ ಅಲ್ಲಾಡುವ ವಸ್ತುವೆಂದು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ.

ಮನೆಯ ಹಿಂದಿನ ಏರಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ದೊಡ್ಡ ಬಂಡೆ ಮಾಳಿಗೆಯಂತೆ ಮುಂದಕ್ಕೆ ಚಾಚಿತ್ತು. ಅದರ ಕೆಳಗೆ ಅಜ್ಜನ ಕುರಿದೊಡ್ಡಿ. ಅಪ್ಪ ನವನಗರದಲ್ಲಿ ಮನೆಗಳಿಗೆ ಬಣ್ಣ ಹಚ್ಚುವ ಕೆಲಸಕ್ಕಿದ್ದ, ರವಿವಾರ ಬರುತ್ತಿದ್ದ. ಮನೆಯಲ್ಲಿ ಅವ್ವ, ನಾನು. ಅಜ್ಜ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ನಾನೇ ಒಯ್ದು ಕೊಡುತ್ತಿದ್ದೆ. ದೊಡ್ಡಿಯಲ್ಲಿ ತೊಯ್ದ ಉಣ್ಣೆ, ಹಿಕ್ಕೆ, ಹಳೆಯ ಕಂಬಳಿ ಎಲ್ಲ ಸೇರಿ ಒಂದೇ ವಾಸನೆ. ತಲೆಯ ಮೇಲಿನ ಕಲ್ಲಿನಲ್ಲಿ ಸಾಲುಸಾಲು ಉಬ್ಬುಗಳಿದ್ದವು. ಅಜ್ಜ ಅವನ್ನು ಕುರಿ ಪಕ್ಕೆಲುಬು ಅನ್ನುತ್ತಿದ್ದ. ಮೊದಲ ಕುರಿ ಇಲ್ಲೇ ಮಲಗಿ ಕಲ್ಲಾಯಿತಂತೆ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಜ್ಜ ದೊಡ್ಡಿಯ ಹಿಂದಿನ ಗೋಡೆಯಲ್ಲಿದ್ದ ಆ ಮೆತ್ತನೆಯ ಪದರವನ್ನು ಗುದ್ದಲಿಯಿಂದ ಕೆರೆದು ದೊಡ್ಡಿಯನ್ನು ಆಳ ಮಾಡುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡಿದ್ದನಂತೆ. ಕುರಿ ಹೆಚ್ಚಿದಂತೆ ಜಾಗ ಬೇಕಲ್ಲ. ಕೆರೆದ ಪುಡಿಯನ್ನು ಕೆಳಗೆ ಹರಡಿದರೆ ನೆಲ ಬೆಚ್ಚಗಿರುತ್ತಿತ್ತು.

ಇನ್ನೊಂದು ರೂಢಿಯಿತ್ತು. ಅಮಾವಾಸ್ಯೆಗೆ ಅಜ್ಜ ಬೀರಪ್ಪನ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಕುಸುಬಿ ಎಣ್ಣೆಯಲ್ಲಿ ಕಲಸಿ ಬಂಡೆಯ ಪಕ್ಕಕ್ಕೆ ಒಂದು ಅಡ್ಡ ಗೆರೆ ಎಳೆಯುತ್ತಿದ್ದ. ಅರ್ಧ ಗೆರೆ ಚಾಚಿದ ಬಂಡೆಯ ಮೇಲೆ, ಅರ್ಧ ಹಿಂದಿನ ಗುಡ್ಡದ ಮೇಲೆ, ನಡುವೆ ಒಂದು ಉದ್ದನೆಯ ಬಿರುಕು. ಗೆರೆ ತುಂಡಾಗದಿದ್ದರೆ ಒಳಗಿನ ಕುರಿಗೆ ಏನೂ ಆಗುವುದಿಲ್ಲ ಎಂಬುದು ನಮ್ಮ ಮನೆತನದ ನಂಬಿಕೆ. ತುಂಡಾದರೆ ಕೂಡಿಸಬೇಕು.

ನಾಗರಪಂಚಮಿಯ ಉಂಡೆ ಕೊಡಲು ಹೋದ ದಿನ ನೋಡಿದೆ. ಗೆರೆಯ ಎರಡು ತುದಿ ಎದುರುಬದುರಾಗಿರಲಿಲ್ಲ. ಚಾಚಿದ ಬಂಡೆಯ ಮೇಲಿನದು ಒಂದು ಜೋಳದ ಕಾಳಿನಷ್ಟು ಕೆಳಗಿತ್ತು.

“ಯಜ್ಜಾ, ಗೆರಿ ಕೂಡವಲ್ದು ನೋಡು.”

“ಕೂಡವಲ್ದು ಅಂದ್ರ ಕೂಡಸೂದು. ತಾ ಆ ಬಟ್ಟಲಾ.”

“ಕಲ್ಲ ಕೆಳಗ ಇಳದೈತಿ.”

“ಇಳಿಯಾಕ ಕಲ್ಲಿಗೇನ ಕಾಲ ಅದಾವ? ಬೀರಪ್ಪ ಭಂಡಾರ ಕೇಳಾಕತ್ತಾನ. ಅವಗೂ ನಿನ್ನಂಗ ಹಸಿವು.”

ಅಜ್ಜ ಬೆರಳದ್ದಿ ಓರೆಯಾಗಿ ಒಂದು ಗೀಟು ಹಾಕಿ ಎರಡೂ ತುದಿ ಕೂಡಿಸಿದ, ಕೈಮುಗಿದ. ಮುಂದಿನ ಅಮಾವಾಸ್ಯೆಗೆ ಮತ್ತೆ ತಪ್ಪಿತ್ತು. ಮತ್ತೆ ಕೂಡಿಸಿದ. ಹಳೆಯ ಗೀಟಿನ ಕೆಳಗೆ ಹೊಸ ಗೀಟು. ಗೆರೆ ಮೆಟ್ಟಿಲು ಇಳಿಯುತ್ತಿರುವಂತೆ ಕಾಣುತ್ತಿತ್ತು. ಅಜ್ಜನಿಗೆ ಕಂಡದ್ದು ಕೂಡಿದ ಗೆರೆ ಮಾತ್ರ.

ಅವ್ವ ಮಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ಏನಿದ್ದರೂ ನನ್ನ ಮೂಲಕ. ಅಜ್ಜ ಅಪರೂಪಕ್ಕೆ ಅಂಗಳಕ್ಕೆ ಬಂದಾಗ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿದ್ದರೂ ಹಾಗೆಯೇ.

“ನಿಮ್ಮಜ್ಜಗ ಹೇಳು, ಮನಿಗೆ ಬಂದು ಉಣ್ಣಲಿ ಅಂತ. ಮರಳ ತಿಂದು ಹೊಟ್ಟಿ ಕಲ್ಲಾಗತೈತಿ.”

“ನಿಮ್ಮವ್ವಗ ಹೇಳು, ಅಕಿ ರೊಟ್ಟಿ ಕಲ್ಲಿಗಿಂತ ಗಟ್ಟಿ. ಹೊಟ್ಟಿಗೆ ರೂಢಿ ಆಗೈತಿ ಅಂತ.”

ಅವ್ವ ಸೆರಗಿನೊಳಗೆ ನಗುತ್ತಿದ್ದಳು. ನಾನು ಎರಡೂ ಮಾತನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದೆ.

ಆ ವರ್ಷ ಮಳೆ ತಡವಾಗಿ ಬಂತು; ಬಂದದ್ದು ನಿಲ್ಲಲಿಲ್ಲ. ಮಹಾನವಮಿಯ ಹೊತ್ತಿಗೆ ಮಲಪ್ರಭೆಯ ಕಡೆಯ ರಸ್ತೆ ಮುಚ್ಚಿತು, ಅಪ್ಪನಿಗೆ ಬರಲಾಗಲಿಲ್ಲ. ಕುರಿಗಳನ್ನು ಮೇಯಲು ಬಿಡುವ ಹಾಗಿರಲಿಲ್ಲ. ಅಜ್ಜ ಗಿಡಗಳ ತೊಪ್ಪಲು ಕಡಿದು ತಂದು ದೊಡ್ಡಿಯಲ್ಲೇ ಹಾಕುತ್ತಿದ್ದ. ಒಂದು ಮಧ್ಯಾಹ್ನ ರೊಟ್ಟಿ ಒಯ್ದಾಗ ಕುರಿಗಳೆಲ್ಲ ಹೊರಗಿನ ಅಂಚಿಗೆ ಬಂದು ಎರಚಲಿಗೆ ತೊಯ್ಯುತ್ತ ನಿಂತಿದ್ದವು. ಅಜ್ಜ ಕೋಲಿನಿಂದ ಒಳಗೆ ದೂಡಿದಷ್ಟೂ ತಿರುಗಿ ಬರುತ್ತಿದ್ದವು. ಒಳಗೆ ಅಕ್ಕಿ ಕೇರುವಂಥ ಒಂದು ಸಣ್ಣ ಸದ್ದು. ಹಿಂದಿನ ಗೋಡೆಯಿಂದ ಮರಳು ಸುರಿಯುತ್ತಿತ್ತು.

ಓಡಿ ಹೋಗಿ ಅವ್ವನಿಗೆ ಹೇಳಿದೆ. ಅವಳು ಒಲೆ ಆರಿಸಿ, ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ನನ್ನ ಜೊತೆ ಏರು ಹತ್ತಿದಳು. ದೊಡ್ಡಿಯ ಹತ್ತಿರ ಅವಳು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಭಂಡಾರದ ಗೆರೆ ತೋರಿಸಿದೆ. ಬೆಳಿಗ್ಗೆಯಷ್ಟೇ ಕೂಡಿಸಿದ ಗೀಟು, ಎಣ್ಣೆ ಇನ್ನೂ ಹಸಿ, ಆಗಲೇ ಎರಡಾಗಿತ್ತು. ಅವ್ವ ಬಿರುಕಿನೊಳಗೆ ಕೈ ತೂರಿಸಿದಳು. ಬಳೆ ತಾಗುವ ತನಕ ಹೋಯಿತು. ಕೈ ತೆಗೆದು ಸೀರೆಗೆ ಒರೆಸಿಕೊಂಡಳು.

“ನಿಮ್ಮಜ್ಜಗ ಹೇಳು, ಕುರಿ ಹೊಡಕೊಂಡು ಈಗಿಂದೀಗ ಕೆಳಗ ಬರಲಿ ಅಂತ.”

“ನಿಮ್ಮವ್ವಗ ಹೇಳು, ಈ ಮಳ್ಯಾಗ ಬಯಲಿಗೆ ಬಿಟ್ರ ಗೊರಸು ಕೊಳೀತಾವು. ನಮ್ಮಪ್ಪನ ಕಾಲದಿಂದ ಈ ಕಲ್ಲಿನ ಬುಡಕ ಒಂದ ಕುರಿ ಸತ್ತಿಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅವನ ಕಡೆ ತಿರುಗಿದಳು.

“ಮಾವಾರ, ನಾ ಹೇಳಾಕತ್ತೇನಿ. ಹೊರಗ ಬರ್ರಿ.”

ಅಜ್ಜ ತೊಪ್ಪಲು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ. ಆಮೇಲೆ ಕುರಿಗಳ ಕಡೆ ಮುಖ ಮಾಡಿ ಹೇಳಿದ: “ಮನಿ ಸೊಸಿ ಮಾರಿಗೆ ಮಾರಿ ಕೊಟ್ಟು ಮಾತಾಡೂದು! ಇದಕ್ಕಿಂತ ಕಲ್ಲ ಬೀಳೂದ ಚಲೋ.”

ಅವ್ವ ಕುರಿಗಳ ನಡುವೆ ನುಗ್ಗಿದಳು. ಅಜ್ಜನಿಗೆ ಎಲ್ಲಕ್ಕಿಂತ ಪ್ರೀತಿಯ ಕುರಿ ಕಪ್ಪಿ; ಇವತ್ತೋ ನಾಳೆಯೋ ಈಯುವಂತಿತ್ತು. ಅದರ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿಕೊಂಡು ಏರು ಇಳಿದೇಬಿಟ್ಟಳು. ಜಾರಿ ಒಮ್ಮೆ ಮಂಡಿಯೂರಿದಳು, ಕುರಿಯನ್ನು ಬಿಡಲಿಲ್ಲ. ನಾನು ಹಿಂದಿನಿಂದ ಅದರ ಕಾಲು ಹಿಡಿದುಕೊಂಡು ಓಡಿದೆ.

ನಾವು ಪಡಸಾಲೆ ಸೇರಿ ಗೋಣಿ ಹಾಸುವಷ್ಟರಲ್ಲಿ ಅಜ್ಜ ಬಾಗಿಲಲ್ಲಿದ್ದ. ಕಂಬಳಿಯನ್ನೂ ಹೊದ್ದಿರಲಿಲ್ಲ.

“ಯಾರನ್ನ ಕೇಳಿ ಒಯ್ದಿ ನನ್ನ ಕುರಿ? ಹಾದ್ಯಾಗ ಈದಿದ್ರ ಏನ ಮಾಡ್ತಿದ್ದಿ?”

“ಬರ್ರಿ ಅಂದ್ರ ನೀವು ಬರೂದಿಲ್ರಿ. ಕುರಿ ಒಯ್ದ್ರ ಬರ್ತೀರಿ.”

ಅಜ್ಜ ಮೆಟ್ಟಿಲ ಮೇಲೆ ಕೂತು ಕಪ್ಪಿಯ ಹೊಟ್ಟೆ ಮುಟ್ಟಿ ನೋಡಿದ. “ಉಳದಾವಕ್ಕ ತೊಪ್ಪಲ ಹಾಕಿ ಬರ್ತೇನಿ” ಎಂದು ಏಳಲು ಮಂಡಿಯ ಮೇಲೆ ಕೈಯೂರಿದ.

ಸದ್ದು ದೊಡ್ಡದಾಗಿರಲಿಲ್ಲ. ತುಂಬಿದ ಜೋಳದ ಚೀಲವನ್ನು ನೆಲಕ್ಕೆ ಬಿಟ್ಟಂತೆ, ಒಂದೇ ಸಲ. ಪಡಸಾಲೆಯ ಗೂಡಿನಲ್ಲಿದ್ದ ಪಣತಿ ಉರುಳಿತು. ಆಮೇಲೆ ಒಂದು ವಾಸನೆ ಬಂತು, ಕಲ್ಲಿಗೆ ಕಲ್ಲು ಉಜ್ಜಿದಾಗ ಬರುವಂಥದು. ಅಷ್ಟು ದಿನ ಹಗಲು ರಾತ್ರಿ ಕಿವಿಯಲ್ಲಿದ್ದ ಕುರಿಗಳ ಕೂಗು ನಿಂತಿತ್ತು. ಮಳೆ ಮಾತ್ರ ಕೇಳುತ್ತಿತ್ತು.

ಅಂಚಿನಲ್ಲಿದ್ದ ಕೆಲವು ಕುರಿ ಹೊರಗೆ ಹಾರಿ ಉಳಿದವು. ಮಿಕ್ಕವು ಅಲ್ಲಿಯೇ. ಊರಿನವರು ಹಾರೆ ತಂದರು, ಬಂಡೆ ನೋಡಿ ಹಾರೆ ಕೆಳಗಿಟ್ಟರು. ಕಪ್ಪಿ ಸಂಜೆಯೊಳಗೆ ಮರಿ ಹಾಕಿತು. ಅಜ್ಜ ಮರಿಯನ್ನು ಒರೆಸಿದ, ಹಾಲಿಗೆ ಬಿಟ್ಟ.

ಮುಂದೆ ನಾನು ಧಾರವಾಡಕ್ಕೆ ಹೋಗಿ ಭೂವಿಜ್ಞಾನ ಓದಿದೆ. ಕಲ್ಲಿನ ಪಕ್ಕೆಲುಬುಗಳು ಹಿಂದೆಂದೋ ಆಳವಿಲ್ಲದ ನೀರು ಮರಳಿನ ಮೇಲೆ ಬಿಟ್ಟುಹೋದ ತೆರೆಯ ಗುರುತುಗಳೆಂದು ತಿಳಿಯಿತು. ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರವಿದ್ದರೆ ಗಾಳಿ, ಬಿಸಿಲು, ನೀರು ಮೊದಲು ತಿನ್ನುವುದು ಮೆತ್ತನೆಯದನ್ನೇ. ಗಟ್ಟಿಯದು ಆಧಾರ ತಪ್ಪುವ ತನಕ ಏನೂ ಆಗದಂತೆ ನಿಂತಿರುತ್ತದೆ. ಬಿರುಕಿಗಿಳಿದ ನೀರು ಉಳಿದದ್ದನ್ನು ಮಾಡುತ್ತದೆ. ನಮ್ಮ ಗುಡ್ಡಗಳಿಗೆ ಈ ರೂಪ ಬಂದದ್ದೇ ಹಾಗೆ, ಬಿದ್ದು ಬಿದ್ದು. ಗುದ್ದಲಿ ಹಿಡಿದ ನಮ್ಮವರು ಆ ಕೆಲಸಕ್ಕೆ ಕೈ ಜೋಡಿಸಿದ್ದರು, ಅಷ್ಟೇ.

ಇದು ತಿಳಿದದ್ದರಿಂದ ಹೋದದ್ದು ಏನೂ ಮರಳಲಿಲ್ಲ. ನಾವು ಈಗ ಆ ಮನೆಯಲ್ಲಿಲ್ಲ, ಕೆಳಗಿನ ಬಯಲಿಗೆ ಬಂದಿದ್ದೇವೆ. ಅಜ್ಜ ಬಹಳ ವರ್ಷ ಬದುಕಿದ. ಆ ದಿನದ ನಂತರ ಅವನೂ ಅವ್ವನೂ ನೇರವಾಗಿಯೇ ಮಾತಾಡಿದರು: ಉಂಡಿರೇನ್ರಿ, ಉಂಡೆ, ಮಳಿ ಬರತೈತಿ, ಬರಲಿ. ನಡುವೆ ನಾನು ಬೇಕಾಗಲಿಲ್ಲ. ರೊಟ್ಟಿಯ ಮೇಲಿನ ಆ ಚೇಷ್ಟೆಯನ್ನು ನಾನು ಮತ್ತೆ ಕೇಳಲಿಲ್ಲ. ಮಜ್ಜಿಗೆಯಲ್ಲಿ ಮರಳು ಇರುತ್ತಿರಲಿಲ್ಲ. ಆದರೂ ಅಜ್ಜ ಕುಡಿದಾದ ಮೇಲೆ ತಂಬಿಗೆಯನ್ನು ಬೆಳಕಿಗೆ ಓರೆ ಮಾಡಿ ತಳ ನೋಡುತ್ತಿದ್ದ, ಕೊನೆಯ ತನಕ.

ಬಂಡೆ ಬಿದ್ದ ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾನು ಎಲ್ಲರಿಗಿಂತ ಮೊದಲು ಎದ್ದು ಹಿತ್ತಲಿಗೆ ಹೋದೆ. ಕಳಚಿದ ಜಾಗ ಕೊಯ್ದ ಕಲ್ಲಂಗಡಿಯಂತೆ ನಸುಗೆಂಪಾಗಿತ್ತು. ಬಿರುಕು ಅಲ್ಲಿಗೆ ನಿಂತಿರಲಿಲ್ಲ. ಪಕ್ಕದ ಬಂಡೆಯ ಹಿಂದಿನಿಂದ ಹಾದು ನಮ್ಮ ಮನೆಯ ಮಾಳಿಗೆಯ ನೇರಕ್ಕೆ ಬಂದಿತ್ತು. ದೇವರ ಗೂಡಿನಿಂದ ಭಂಡಾರ ತಂದು ಕುಸುಬಿ ಎಣ್ಣೆಯಲ್ಲಿ ಕಲಸಿದೆ. ಕೈಗೆಟಕುವಷ್ಟು ಮೇಲೆ ಹತ್ತಿ ಆ ಬಿರುಕಿಗೆ ಅಡ್ಡಲಾಗಿ ಒಂದು ಗೆರೆ ಎಳೆದೆ. ಇಳಿದಾಗ ಅಜ್ಜ ಕೆಳಗೆ ಕೂತಿದ್ದ, ಭಂಡಾರದ ಬಟ್ಟಲಿಗಾಗಿ ಕೈ ಚಾಚಿದ.

“ಯಜ್ಜಾ, ಇದು ತುಂಡಾದ್ರ ಕೂಡಸಬ್ಯಾಡ” ಅಂದೆ.

ಅಜ್ಜ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಬಟ್ಟಲು ಕೊಡಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಅವನ ಪಕ್ಕದಲ್ಲಿ ಕೂತೆ, ಗೆರೆಯನ್ನು ನೋಡುತ್ತ.